ಕೋನ್ ಸ್ನೇಲ್‌ಗೆ ಕನ್ನಡದಾಗ ಏನನ್ನೋಣ? ಅದು ಕಚ್ಚತದೋ ಚುಚ್ಚತದೋ?

ಎಲ್ಲರಿಗೂ ನಮಸ್ಕಾರ್ರಿ, ಕಲಬುರಗಿಯಿಂದ ಬರೀಲಿಕತ್ತೀನಿ. ಹೈಸ್ಕೂಲ್ ಹುಡುಗ್ರಿಗಂತ ಸಮುದ್ರದ ವಿಷಜಂತುಗಳ ಬಗ್ಗೆ ಒಂದು ಸಣ್ಣ ಪುಸ್ತಕ ರೆಡಿ ಮಾಡ್ಲಿಕತ್ತೀವಿ, ಜಿಯಾಗ್ರಫಿ ಕೋನ್ ಅನ್ನೋ ಕೋನ್ ಸ್ನೇಲ್ (ಶಂಕು ಆಕಾರದ ಚಿಪ್ಪಿನ, ವಿಷ ಇರೋ ಸಮುದ್ರದ ಬಸವನಹುಳ) ಹತ್ರ ಬಂದು ಗಾಡಿ ನಿಂತದ. ಕೋನಸ್ ಜಿಯಾಗ್ರಫಸ್ ಅಂತ 1758ರಾಗ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟಾನ, ಚಿಪ್ಪಿನ ಮ್ಯಾಲಿನ ಕಂದು ಚಿತ್ತಾರ ಭೂಗೋಳದ ನಕಾಶಿ ಕಂಡಂಗ ಕಾಣ್ತದ.

ಕೋನ್ ಅಂದ್ರ ಗಣಿತದಾಗ ಶಂಕು. ಅದಕ್ಕ ನಮ್ಮಾಗ ಒಬ್ರು 'ಶಂಕುಶಂಖ' ಅಂತ ಬರದ್ರು. ಬಾಯಿಬಿಟ್ಟು ಓದಿ ನೋಡ್ರಿ, ಮಹಾಪ್ರಾಣ ಹಾರಿಸೋ ನಮ್ಮ ಮಂದಿಗೆ ಅದೇನು ಅಂತ ತಿಳಿಯೋದೇ ಕಷ್ಟ. ಬರೇ 'ಶಂಖದ ಹುಳ' ಅಂದ್ರ ಬೀದರ್ ಕಡಿಯವ್ರು ಮಳಿಗಾಲದಾಗ ಸೋಯಾ ಹೊಲಕ್ಕ ಬೀಳೋದು ಅನ್ಕೋತಾರ. 'ಶಂಕು ಬಸವನಹುಳ' ನನಗ ಸರಿ ಕಾಣ್ತದ, ಜರಾ ಉದ್ದ ಆಯ್ತು ಅಷ್ಟೇ.

ಖರೆ ತಕರಾರು ಇರೋದು ಕ್ರಿಯಾಪದದ್ದು. ಈ ಹುಳ ರಾತ್ರಿ ಹವಳದ ದಿಬ್ಬದಾಗ ಬಾಯಿ ಬಲಿ ಹಂಗ ಅಗಲ ಮಾಡಿ ಸಣ್ಣ ಮೀನು ಒಳಗ ತಗೋತದ, ನೀರಿಗೆ ಇನ್ಸುಲಿನ್ ಬಿಟ್ಟು ಮೀನಿನ ಸಕ್ಕರಿ ಇಳಿಸಿ ಮಂಪರು ಬರಸ್ತದ (ಇದು 2015ರಾಗ ಗೊತ್ತಾಗಿದ್ದು), ಆಮ್ಯಾಲೆ ಸೊಂಡಿಲಿನ ತುದಿಲಿಂದ ಕೊಕ್ಕಿ ಇರೋ ಟೊಳ್ಳು ಹಲ್ಲೊಂದು ಹೊಡೀತದ, ಅದರಾಗಿಂದ ವಿಷ. ಆ ಹಲ್ಲು ಒಂದೇ ಸಲಕ್ಕ, ಮುಂದಿನ ಬ್ಯಾಟಿಗೆ ಹೊಸಾದು ಬೇಕು.

ಹಲ್ಲು ಹೌದು, ಆದ್ರ ಕಚ್ಚೋದಲ್ಲ. ಚುಚ್ಚತದ ಅಂದ್ರ ಮುಳ್ಳು ಅನಸ್ತದ. ಕುಟುಕತದ ಅನ್ನೋದು ಇಲ್ಲಿ ಬರೇ ಪುಸ್ತಕದ ಮಾತು, ನಮ್ಮ ಕಡಿ ಹಾವೂ ಕಡೀತದ ಚೇಳೂ ಕಡೀತದ. ಯಾದಗಿರಿ ಜಿಲ್ಲಾದ ಕಂದಕೂರಾಗ ನಾಗಪಂಚಮಿಗೆ ಗುಡ್ಡ ಹತ್ತಿ ಚೇಳು ಕೈಯಾಗ ಹಿಡಿತಾರಲ್ಲ, ಅಲ್ಲೂ ಇವತ್ತು ಚೇಳು ಕಡಿಯಂಗಿಲ್ಲ ಅಂತಾರೇ ಹೊರತು ಕುಟುಕಂಗಿಲ್ಲ ಅನ್ನಂಗಿಲ್ಲ. ಹಂಗಾಗಿ 'ಕಡೀತದ' ಅಂತ ಬರಿಬೇಕು ಅನ್ನೋದು ನನ್ನ ವಾದ, ಮೈಸೂರು ಕಡಿಯವ್ರಿಗೆ ಮರ ಕಡಿದಂಗ ಕೇಳ್ತದೇನು?

'ವಿಷಕಾರಿ' ಅನ್ನೋದೂ ಬ್ಯಾಡ ಅನಸ್ತದ, ತಿಂದ್ರ ಸಾಯ್ತಾರ ಅನ್ನೋ ಅರ್ಥಾನೂ ಬರ್ತದ, ಇದು ವಿಷ ಏರಸೋ ಜಾತಿ. ಮನುಷ್ಯರೂ ಸತ್ತಾರ, ಇದಕ್ಕ ಪ್ರತಿವಿಷ ಇಲ್ಲ. ಇಂಗ್ಲಿಷ್‌ನಾಗ ಸಿಗರೇಟ್ ಸ್ನೇಲ್ ಅಂತ ಅಡ್ಡಹೆಸರದ, ಕಡಿಸ್ಕೊಂಡವಗ ಒಂದು ಸಿಗರೇಟ್ ಸೇದೋವಷ್ಟೇ ಟೈಮ್ ಅಂತ. ಉತ್ಪ್ರೇಕ್ಷಾ ಮಾತು, ನಮ್ಮಲ್ಲಿ ಹುಟ್ಟಿದ್ರ ಬೀಡಿ ಹುಳ ಆಗ್ತಿತ್ತು.

ಕಾರವಾರ, ಮಲ್ಪಿ ಕಡಿ ಮೀನು ಹಿಡಿಯೋರು ಈ ಆಕಾರದ ಚಿಪ್ಪಿಗೆ ಏನಂತಾರ? ಗೊತ್ತಿದ್ದವ್ರು ಹೇಳ್ರಿ, ಅದು ಸಿಕ್ರ ನಮ್ಮ ಶಂಕು ಗಿಂಕು ಎಲ್ಲಾ ತಗದು ಅದನ್ನೇ ಹಾಕ್ತೀವಿ.