ಪದಚರ್ಚೆ: ಹೆಂಗಸರ ‘ಔಟ್‌ಫಿಟ್’ಗೆ ಕನ್ನಡದಲ್ಲಿ ಏನು? ಅಂಗಡಿ ಫಲಕಕ್ಕೆ, ತುರ್ತಾಗಿ ಬೇಕು

ಪ್ರಶ್ನೆ (ಹುಬ್ಬಳ್ಳಿಯಿಂದ)

ಬಳಗದ ಎಲ್ಲರಿಗೂ ನಮಸ್ಕಾರ.

ನನ್ನ ತಂಗಿ ಇಲ್ಲಿ ಹೆಣ್ಣುಮಕ್ಕಳ ಬಟ್ಟೆಯ ಸಣ್ಣ ಅಂಗಡಿ ತೆರೆಯುತ್ತಿದ್ದಾಳೆ. ಫಲಕ ಬರೆಯುವವರು ನಾಳೆ ಸಂಜೆಯೊಳಗೆ ಬರಹ ಕೊಡಿ ಎಂದಿದ್ದಾರೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಫಲಕದ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಸಿ ಕೈತೊಳೆದುಕೊಳ್ಳುವ ಅಂಗಡಿಗಳು ನಮ್ಮ ಬೀದಿಯಲ್ಲಿ ಬೇಕಾದಷ್ಟಿವೆ. ನಮಗೆ ಅದು ಬೇಡ.

ಅವಳ ಕೆಲಸ ಬರೀ ಬಟ್ಟೆ ಮಾರುವುದಲ್ಲ. ಬರುವವರು ತಮ್ಮ ಬೀರುವಿನಲ್ಲಿ ಇರುವುದನ್ನೇ ತಂದು ತೋರಿಸುತ್ತಾರೆ. ಇಳಕಲ್ ಸೀರೆಯಿದೆ, ಅದನ್ನುಟ್ಟು ಕಚೇರಿಗೆ ಹೋದರೆ ಮದುವೆಗೆ ಹೊರಟಂತೆ ಕಾಣಬಾರದು. ಅದಕ್ಕೆ ಎಂಥ ಕುಪ್ಪಸ, ಎಂಥ ಓಲೆ, ಎಂಥ ಚಪ್ಪಲಿ? ಗುಳೇದಗುಡ್ಡದ ಖಣದಲ್ಲಿ, ಅಂದರೆ ಕುಪ್ಪಸಕ್ಕೆಂದು ನೇಯುವ ಬಟ್ಟೆಯಲ್ಲಿ, ಹೊಲಿಸಿದ ಕುರ್ತಾ ಇದೆ. ಕೆಳಗೆ ಜೀನ್ಸ್ ಒಪ್ಪುತ್ತದೆಯೋ, ಬಿಳಿಯ ಹತ್ತಿಯ ಪ್ಯಾಂಟೋ? ಖಣದ ಮೈತುಂಬ ಬುಟ್ಟಿಯ ಸಣ್ಣ ಚಿತ್ತಾರ ಇರುವುದರಿಂದ ಉಳಿದದ್ದೆಲ್ಲ ಸಾದಾ ಇರಲಿ ಎನ್ನುತ್ತಾಳೆ ಅವಳು. ಹೀಗೆ ಅಡಿಯಿಂದ ಮುಡಿಯವರೆಗೆ ಕೂಡಿಸಿಕೊಟ್ಟು, ಕೊರತೆ ಬಿದ್ದದ್ದನ್ನು ಮಾತ್ರ ಮಾರುತ್ತಾಳೆ. ಹೀಗೆ ಕೂಡಿಬಂದ ಇಡೀ ಉಡುಗೆಗೆ ಎಲ್ಲರೂ ‘ಔಟ್‌ಫಿಟ್’ ಎನ್ನುತ್ತಾರೆ. ಒಬ್ಬೊಬ್ಬರಿಗೂ ತಮ್ಮದೇ ಎನ್ನುವಂಥ ಉಡುವ ರೀತಿಯೊಂದು ಇರುತ್ತದಲ್ಲ, ಅದಕ್ಕೆ ‘ಪರ್ಸನಲ್ ಸ್ಟೈಲ್’ ಎನ್ನುತ್ತಾರೆ. ಎರಡಕ್ಕೂ ಪದ ಬೇಕು. ನಾವು ಯೋಚಿಸಿದ್ದು ‘ಶೈಲಿಯುಡುಗೆ’. ಸರಿಯೇ?

ಉತ್ತರ (ಮೈಸೂರು)

‘ಶೈಲಿಯುಡುಗೆ’ ಸಂಸ್ಕೃತ, ಕನ್ನಡ ಪದಗಳನ್ನು ಬೆಸೆದ ಅರಿಸಮಾಸ. ಬಿಡಿ. ‘ಉಡುಪು’ ಎಂದು ಬರೆಸಿ, ಮುಗಿಯಿತು.

ಪ್ರಶ್ನೆ ಕೇಳಿದವರು

ಉಡುಪು ಎಂದರೆ ಒಂದು ಬಟ್ಟೆಯೂ ಆಗುತ್ತದೆ, ಹತ್ತು ಬಟ್ಟೆಯೂ ಆಗುತ್ತದೆ. ‘ಸಿದ್ಧ ಉಡುಪು’ ಎಂದು ಬರೆಸಿಕೊಂಡ ಅಂಗಡಿಗಳು ನಮ್ಮ ಸಾಲಿನಲ್ಲೇ ಇವೆ. ತಂಗಿ ಮಾಡುವುದು ಕೂಡಿಸುವ ಕೆಲಸ. ಅದು ಆ ಪದದಲ್ಲಿ ಕಾಣುತ್ತಿಲ್ಲ.

ಉತ್ತರ (ಸಾಗರ)

ಇದಕ್ಕೆ ಕನ್ನಡದ್ದೇ ಬೇರಿನಿಂದ ಪದ ಕಟ್ಟಬಹುದು: ‘ಒಪ್ಪುಡುಗೆ’. ಒಪ್ಪು ಎಂಬ ಧಾತುವನ್ನು ನಾವು ಬರೀ ಸಮ್ಮತಿ ಕೊಡುವುದಕ್ಕೆ ಇಳಿಸಿಬಿಟ್ಟಿದ್ದೇವೆ. ‘ಈ ಬಣ್ಣ ನಿನಗೆ ಒಪ್ಪುತ್ತದೆ’ ಎನ್ನುವಾಗ ಅದರ ಹಳೆಯ ಹೊಳಪು ಇನ್ನೂ ಇದೆ. ಒಪ್ಪ, ಒಪ್ಪ ಓರಣ, ಒಪ್ಪಂದ ಎಲ್ಲ ಅದೇ ಮನೆಯವು. ಒಂದಕ್ಕೊಂದು ಒಪ್ಪುವುದು, ಉಟ್ಟವಳಿಗೆ ಒಪ್ಪುವುದು, ನೋಡಿದವರು ಒಪ್ಪುವುದು, ಮೂರೂ ಒಂದೇ ಪದದಲ್ಲಿ ಕೂತಿವೆ. ಪರಭಾಷೆಯಲ್ಲಿ ಇಷ್ಟು ಅಡಕವಾದ ಪದವನ್ನು ತೋರಿಸಿ ನೋಡೋಣ.

ಸ್ಟೈಲ್‌ಗೆ ‘ಶೈಲಿ’ ಬೇಡವೇ ಬೇಡ. ಅದು ಶೀಲದಿಂದ ಬಂದ ಸಂಸ್ಕೃತ. ‘ಬೆಡಗು’ ಎನ್ನಿ. ಹಳೆಯ ಕವಿ ಆಂಡಯ್ಯ ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು ಇಡೀ ಕಾವ್ಯವನ್ನೇ ಬರೆದ. ನಮಗೆ ಒಂದು ಅಂಗಡಿ ಫಲಕ ಬರೆಯಲಾಗದೇ?

ಉತ್ತರ (ಬೆಂಗಳೂರು, ಅನುವಾದದ ಕಸುಬಿನವರು)

‘ಒಪ್ಪುಡುಗೆ’ ಓದಿದವರಿಗೆ ಒಪ್ಪಿಗೆಪತ್ರ ನೆನಪಾಗುತ್ತದೆ. ಫಲಕಕ್ಕೆ ಅಡಿಟಿಪ್ಪಣಿ ಹಾಕಲಾಗುವುದಿಲ್ಲ. ‘ಬೆಡಗು’ ಇನ್ನೂ ಕಷ್ಟ. ಬೆಡಗು, ಬಿನ್ನಾಣ ಎರಡನ್ನೂ ಹೆಂಗಸರನ್ನು ಹಂಗಿಸಲು ಬಳಸಿ ಬಳಸಿ ಮಾಸಿಬಿಟ್ಟಿದ್ದೇವೆ. ದಿನವೂ ಬಸ್ ಹತ್ತಿ ಬ್ಯಾಂಕಿಗೆ ಹೋಗುವ ಹೆಣ್ಣುಮಗಳು ನೀಟಾಗಿ ಉಟ್ಟುಕೊಂಡರೆ ಅದನ್ನು ಬೆಡಗು ಎಂದು ಏಕೆ ಕರೆಯಬೇಕು?

ಬಟ್ಟೆಯ ಲೋಕ ಮೊದಲಿನಿಂದಲೂ ಎರವಲಿನದು. ರುಮಾಲು, ಶಾಲು, ಪೈಜಾಮ, ಪೋಷಾಕು ಪಾರಸಿಯಿಂದ ಬಂದವು. ಜುಬ್ಬ, ಕಮೀಜು ಅರಬ್ಬಿಯವು. ಚೂಡಿದಾರಿನಲ್ಲಿ ಹಿಂದಿಯ ಬಳೆಯೂ ಪಾರಸಿಯ ‘ದಾರ್’ ಪ್ರತ್ಯಯವೂ ಸೇರಿವೆ. ಕಣಕಾಲಿನ ಬಳಿ ನೆರಿಗೆ ಬಳೆ ಇಟ್ಟಂತೆ ಕೂರುವುದರಿಂದ ಆ ಹೆಸರು. ಯಾರೂ ಇವನ್ನು ಹೊರಹಾಕಲಿಲ್ಲ, ಕನ್ನಡ ಬಡವಾಗಲಿಲ್ಲ. ‘ಮ್ಯಾಚಿಂಗ್ ಸೆಂಟರ್’ ಎಂಬ ಹೆಸರು ಪೇಟೆಪೇಟೆಯಲ್ಲಿ ಇದೆ. ಲೈನಿಂಗ್, ಫಾಲ್, ರವಿಕೆ ಖಣ ಬೇಕಾದವರು ನೇರ ಅಲ್ಲಿಗೆ ಹೋಗುತ್ತಾರೆ. ‘ಔಟ್‌ಫಿಟ್’ ಎಂದೇ ಬರೆಸಿ.

ಉತ್ತರ (ಸಾಗರ)

ಎರವಲು ತಂದದ್ದು ಮನೆಯಲ್ಲಿ ಇಲ್ಲದ ವಸ್ತುವಿಗೆ. ಪೈಜಾಮ ನಮ್ಮಲ್ಲಿ ಇರಲಿಲ್ಲ, ಹೆಸರು ಅದರ ಜೊತೆಗೇ ಬಂತು. ಉಡುವುದು ನಮ್ಮಲ್ಲಿ ಇರಲಿಲ್ಲವೇ? ಸೀರೆ ಎನ್ನುವ ಅಚ್ಚಗನ್ನಡ ಪದ ಇಟ್ಟುಕೊಂಡು ‘ಸ್ಯಾರಿ’ ಎನ್ನುವವರ ಜಾಡಿನಲ್ಲೇ ನೀವೂ ನಡೆಯುತ್ತಿದ್ದೀರಿ.

ಉತ್ತರ (ಮೈಸೂರು)

ಸೀರೆ ಅಚ್ಚಗನ್ನಡವಲ್ಲ. ‘ಚೀರ’ದ ತದ್ಭವ. ಶಾಲೆಯ ವ್ಯಾಕರಣದ ತತ್ಸಮ–ತದ್ಭವ ಪಟ್ಟಿಯಲ್ಲೇ ಇದೆ. ಕುಪ್ಪಸವೂ ‘ಕೂರ್ಪಾಸ’ದಿಂದ ಬಂದದ್ದು. ಸೊಗಸಿನೊಳಗಿನ ‘ಸೊಗ’ ಸುಖದ ತದ್ಭವ. ನಿಮ್ಮ ತತ್ತ್ವದ ಪ್ರಕಾರ ಹೋದರೆ ಆ ಹೆಣ್ಣುಮಗಳ ಅಂಗಡಿಯಲ್ಲಿ ಮಾರಲು ಏನೂ ಉಳಿಯುವುದಿಲ್ಲ.

ಉತ್ತರ (ಸಾಗರ)

ತದ್ಭವ ಬೇರೆ, ತತ್ಸಮ ಬೇರೆ. ಚೀರವನ್ನು ಕನ್ನಡ ತನ್ನ ಬಾಯಿಗೆ ಹೊಂದುವಂತೆ ಪಳಗಿಸಿಕೊಂಡಿತು. ‘ಔಟ್‌ಫಿಟ್’ ಅನ್ನು ಯಾರು ಪಳಗಿಸಿದ್ದಾರೆ? ಅದಕ್ಕೆ ವಿಭಕ್ತಿ ಹಚ್ಚಿದಾಗಲೆಲ್ಲ ನಡುವೆ ಅರ್ಧಾಕ್ಷರ ತಡೆಯುತ್ತದೆ.

ಉತ್ತರ (ಧಾರವಾಡ, ನಿವೃತ್ತ ಅಧ್ಯಾಪಕಿ)

ಹುಬ್ಬಳ್ಳಿಯ ತಂಗಿಗೆ ನಾಳೆ ಫಲಕ ಬೇಕು. ನೀವಿಬ್ಬರೂ ಚೀರವನ್ನು ಹಿಂಜುತ್ತ ಕೂತಿದ್ದೀರಿ.

ನನ್ನ ತಕರಾರು ಮೂಲದಲ್ಲೇ ಇದೆ. ಇಲ್ಲಿಯವರೆಗೆ ಬರೆದವರೆಲ್ಲ ನಾಮಪದ ಹುಡುಕಿದ್ದೀರಿ. ಇಂಗ್ಲಿಷಿನಲ್ಲಿ ಎಲ್ಲವನ್ನೂ ಸೇರಿಸಿ ಹೇಳುವ ಒಂದು ನಾಮಪದ ಇದೆ ಎಂದ ಮಾತ್ರಕ್ಕೆ ಕನ್ನಡದಲ್ಲಿಯೂ ಒಂದು ನಾಮಪದವೇ ಇರಬೇಕೆಂಬ ಹಟ ಏಕೆ? ಕನ್ನಡ ಈ ವಿಚಾರವನ್ನು ಕ್ರಿಯಾಪದಗಳಲ್ಲಿ ಹಂಚಿಟ್ಟಿದೆ. ಸೀರೆಯನ್ನು ಉಡುತ್ತೇವೆ. ಕುಪ್ಪಸವನ್ನು ತೊಡುತ್ತೇವೆ, ಬಳೆಯನ್ನೂ ತೊಡುತ್ತೇವೆ. ಹೂವನ್ನು ಮುಡಿಯುತ್ತೇವೆ. ಶಾಲನ್ನು ಹೊದೆಯುತ್ತೇವೆ. ಕುಂಕುಮವನ್ನು ಇಡುತ್ತೇವೆ. ಚಪ್ಪಲಿಯನ್ನು ಮೆಟ್ಟುತ್ತೇವೆ. ಮೈಯ ಯಾವ ಭಾಗಕ್ಕೆ, ಯಾವ ಬಗೆಯಲ್ಲಿ ಸೇರುತ್ತದೆ ಎಂಬುದೆಲ್ಲ ಆ ಕ್ರಿಯಾಪದದಲ್ಲೇ ಇದೆ. ಈಗ ಎಲ್ಲಕ್ಕೂ ‘ಹಾಕಿಕೊಳ್ಳು’ ಬಂದು ಕೂತಿದೆ. ಸೀರೆ ಹಾಕಿಕೊಂಡಳು, ಹೂ ಹಾಕಿಕೊಂಡಳು, ಚಪ್ಪಲಿ ಹಾಕಿಕೊಂಡಳು! ಇಂಗ್ಲಿಷ್ ನಾಮಪದ ಬಂದದ್ದಕ್ಕಿಂತ ಈ ಆರು ಕ್ರಿಯಾಪದಗಳು ಬಾಯಿಂದ ಜಾರುತ್ತಿರುವುದೇ ನನಗೆ ಹೆಚ್ಚು ನೋವು. ಎರವಲಿನ ಮೇಲೆ ಜಗಳವಾಡುವವರು ಇದರ ಬಗ್ಗೆ ಒಂದು ಸಾಲು ಬರೆದದ್ದನ್ನು ನಾನು ಈ ಬಳಗದಲ್ಲಿ ಕಂಡಿಲ್ಲ.

‘ಉಡು’ವಿನ ಮನೆ ದೊಡ್ಡದು. ಉಡಿ ಎಂದರೆ ಸೊಂಟದ ಭಾಗ, ಮಡಿಲು. ನಮ್ಮ ಕಡೆ ಉಡಿ ತುಂಬುತ್ತೇವೆ, ಮೈಸೂರಿನ ಕಡೆ ಮಡಿಲು ತುಂಬುತ್ತಾರೆ. ಸೊಂಟಕ್ಕೆ ಕಟ್ಟುವುದು ಉಡಿದಾರ. ಬಟ್ಟೆಯ ಕಾಣಿಕೆಯಾಗಿದ್ದ ಉಡುಗೊರೆ ಈಗ ಎಲ್ಲ ಕಾಣಿಕೆಗಳ ಹೆಸರಾಗಿದೆ. ಅಂದರೆ ಉಡುವುದು ಸೊಂಟಕ್ಕೆ ಸುತ್ತಿ ನಿಲ್ಲಿಸುವುದು. ಸೀರೆ, ಪಂಚೆ, ಲುಂಗಿ ಹೀಗೆ ಹೊಲಿಗೆಯಿಲ್ಲದ್ದು. ತೊಡುವುದು ಅಳತೆಗೆ ಹೊಂದಿ ಕೂರುವುದು. ಹಳಗನ್ನಡದಲ್ಲಿ ತೊಡವು ಎಂದರೆ ಒಡವೆ. ಬಿಲ್ಲಿಗೆ ಬಾಣ ತೊಡುವುದೂ ಇದೇ. ಆದ್ದರಿಂದಲೇ ‘ಉಡುಗೆ ತೊಡುಗೆ’ ಎಂಬ ಜೋಡಿ ಮಾತು ಹುಟ್ಟಿದ್ದು. ಅದು ಒಂದೇ ಅರ್ಥದ ಎರಡು ಪದಗಳ ಗಂಟಲ್ಲ. ಎರಡು ಬೇರೆ ಅರ್ಥಗಳು ಸೇರಿ ಪೂರ್ತಿಯಾದ ಮಾತು. ನಿಮಗೆ ಬೇಕಾದ ‘ಕೂಡಿಸಿದ್ದು’ ಅದರಲ್ಲೇ ಇದೆ.

ಇಳಕಲ್ ಸೀರೆಯ ನೇಯ್ಗೆಯನ್ನೇ ನೋಡಿ. ಒಡಲಿನ ಹಾಸುನೂಲು (ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆ) ಬೇರೆ, ಸೆರಗಿನ ಹಾಸುನೂಲು ಬೇರೆ. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದು. ಎರಡನ್ನೂ ಕುಣಿಕೆ ಹಾಕಿ ಮಗ್ಗದ ಮೇಲೆಯೇ ಕೂಡಿಸುತ್ತಾರೆ. ಅದರ ಮೇಲೆ ಖಣದ ಕುಪ್ಪಸ ಬರುತ್ತದೆ, ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯಾದರೆ ಕಸೂತಿಯ ಗೋಪುರ, ತೇರು, ಆನೆ ಬರುತ್ತವೆ. ಕಸೂತಿಯವರು ಗವಂತಿ, ಮುರಗಿ, ನೇಗಿ, ಮೆಂತ್ಯ ಎಂದು ಹೊಲಿಗೆಗೊಂದು ಹೆಸರಿಟ್ಟುಕೊಂಡಿದ್ದಾರೆ. ಇಷ್ಟು ಹೊಂದಿಕೆ ಬಲ್ಲ ಹೆಂಗಸರು ಒಂದು ಒಟ್ಟು ನಾಮಪದಕ್ಕಾಗಿ ಎಂದೂ ಕಾಯಲಿಲ್ಲ. ‘ಚಂದ ಉಟ್ಟಾಳೆ’ ಎಂದರೆ ನೆರಿಗೆ, ಸೆರಗು, ಬಣ್ಣ, ಓಲೆ ಎಲ್ಲ ಅದರಲ್ಲಿ ಬಂತು.

ಫಲಕಕ್ಕೆ ನನ್ನ ಸಲಹೆ: ದೊಡ್ಡ ಅಕ್ಷರದಲ್ಲಿ ‘ಉಡಲು ತೊಡಲು’. ಕೆಳಗೆ ‘ಹೆಣ್ಣುಮಕ್ಕಳ ನಿತ್ಯದ ಉಡುಗೆಗಳ ಹೊಂದಿಕೆ’.

ಉತ್ತರ (ಬೆಂಗಳೂರು)

ಮೇಡಂ, ಫಲಕಕ್ಕೆ ಚೆನ್ನಾಗಿದೆ. ಆದರೆ ಜೀನ್ಸನ್ನು ಉಡುವುದೋ ತೊಡುವುದೋ? ದುಪ್ಪಟ್ಟಾವನ್ನು ಹೊದೆಯುವುದೋ? ಕೈಗಡಿಯಾರ? ಕನ್ನಡಕ? ಇಂದಿನ ಕಾಲೇಜು ಹುಡುಗಿ ಉಡುವುದು ಹಬ್ಬಕ್ಕೆ, ಮದುವೆಗೆ ಮಾತ್ರ. ಉಳಿದ ದಿನವೆಲ್ಲ ಅವಳು ‘ಹಾಕಿಕೊಳ್ಳುವ’ ಬಟ್ಟೆಯಲ್ಲೇ ಇರುತ್ತಾಳೆ. ಕ್ರಿಯಾಪದ ಜಾರಿದ್ದು ಬಟ್ಟೆ ಬದಲಾದದ್ದರಿಂದ. ಅದಕ್ಕೆ ಬಾಯಿಯನ್ನು ದೂರಿ ಪ್ರಯೋಜನವಿಲ್ಲ.

ಉತ್ತರ (ಧಾರವಾಡ)

ಜೀನ್ಸ್ ತೊಡುವುದು, ಅಳತೆಗೆ ಹೊಲಿದದ್ದಲ್ಲವೇ? ದುಪ್ಪಟ್ಟಾ ಹೊದೆಯುವುದು, ಹೆಗಲ ಮೇಲೆ ಇಳಿಬಿಟ್ಟರೆ ಇಳಿಬಿಡುವುದು. ಗಡಿಯಾರ ಕಟ್ಟುವುದು. ಕನ್ನಡಕಕ್ಕೆ ‘ಹಾಕು’ ಇರಲಿ, ನನ್ನ ಅಭ್ಯಂತರವಿಲ್ಲ. ಕ್ರಿಯಾಪದಗಳು ಹೊಸ ಬಟ್ಟೆಯನ್ನು ಒಳಗೆ ಬಿಟ್ಟುಕೊಳ್ಳಲು ಸಿದ್ಧವಾಗಿವೆ, ನಾವೇ ಬಾಗಿಲು ಹಾಕಿದ್ದೇವೆ. ಬಟ್ಟೆ ಬದಲಾದದ್ದು ಕಾರಣವಾಗಿದ್ದರೆ ಸೀರೆಗೆ ‘ಹಾಕಿಕೊಳ್ಳು’ ಬರಬಾರದಿತ್ತು. ಸೀರೆ ಬದಲಾಗಿಲ್ಲ.

ಉತ್ತರ (ಸಾಗರ)

ಇದನ್ನು ಒಪ್ಪುತ್ತೇನೆ. ಆದರೆ ‘ನಿತ್ಯ’ ಏಕೆ? ‘ದಿನದಿನದ’ ಎನ್ನಬಹುದಿತ್ತು.

ಉತ್ತರ (ಮೈಸೂರು)

ದಿನವೂ ಸಂಸ್ಕೃತವೇ.

ಉತ್ತರ (ಮಂಗಳೂರು)

ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಶೈಲಿ ಶೀಲದಿಂದ ಬಂದದ್ದೇ ಅದರ ಗುಣ ಎಂದು ನನ್ನ ಎಣಿಕೆ. ಸ್ವಭಾವವೇ ಹೊರಗೆ ಕಾಣುವ ರೀತಿ ಅದು. ಇಂಗ್ಲಿಷಿನ ಸ್ಟೈಲ್ ಲ್ಯಾಟಿನ್ನಿನಲ್ಲಿ ಬರೆಯುವ ಕಡ್ಡಿಯಾಗಿತ್ತು, ಅಲ್ಲಿಂದ ಬರವಣಿಗೆಯ ರೀತಿಯಾಗಿ, ಆಮೇಲೆ ಬಟ್ಟೆಗೆ ಬಂತು. ಬಟ್ಟೆಯ ಮಾತಿಗೆ ನಮ್ಮ ಪದವೇ ಹೆಚ್ಚು ಹತ್ತಿರದ್ದು. ಆದರೂ ಫಲಕದ ಮೇಲೆ ‘ವೈಯಕ್ತಿಕ ಶೈಲಿ’ ಎಂದು ಬರೆಸಬೇಡಿ, ಸರ್ಕಾರಿ ಸುತ್ತೋಲೆಯಂತೆ ಕೇಳುತ್ತದೆ. ‘ನಿಮಗೊಪ್ಪುವ ರೀತಿಯಲ್ಲಿ’ ಎಂದರೆ ಸಾಕು. ಸಾಗರದವರ ‘ಒಪ್ಪು’ ಹೀಗೆ ಬಿಡಿಯಾಗಿ ನಿಂತರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸಮಾಸದಲ್ಲಿ ಸಿಕ್ಕಿಸಿದಾಗ ಮಾತ್ರ ಉಸಿರು ಕಟ್ಟುತ್ತದೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಹಿಡಿದು ಹೆಂಗಸರು ಉಡುವುದು ಪರರಿಗಾಗಿ ಎನ್ನುವವರು ಇನ್ನೂ ಇದ್ದಾರೆ. ‘ನಿಮಗೊಪ್ಪುವ’ ಎಂಬುದರಲ್ಲಿ ಆ ಮಾತಿಗೆ ಉತ್ತರವೂ ಇದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ತಂಗಿಗೆ ಓದಿ ಹೇಳಿದೆ. ಮೇಲೆ ‘ಉಡಲು ತೊಡಲು’, ಕೆಳಗೆ ‘ನಿತ್ಯದ ಉಡುಗೆ ತೊಡುಗೆ, ನಿಮಗೊಪ್ಪುವ ರೀತಿಯಲ್ಲಿ’ ಎಂದು ಕೊಟ್ಟಿದ್ದೇವೆ. ಇಂಗ್ಲಿಷಿನಲ್ಲಿ ಕೆಳಗೆ ಸಣ್ಣ ಸಾಲು ಇರುತ್ತದೆ. ಅಲ್ಲಿ ಔಟ್‌ಫಿಟ್ ಎಂದೇ ಇದೆ, ಬೆಂಗಳೂರಿನವರಿಗೆ ಸಮಾಧಾನವಾಗಲಿ.

ಇನ್ನೊಂದು ಉಳಿಯಿತು. ಬಟ್ಟೆ ಮಾರದೆ ಬರೀ ಕೂಡಿಸಿಕೊಟ್ಟದ್ದಕ್ಕೆ ಅವಳು ಸಣ್ಣ ಮೊತ್ತ ತೆಗೆದುಕೊಳ್ಳುತ್ತಾಳೆ. ರಸೀದಿಯಲ್ಲಿ ‘ಸ್ಟೈಲಿಂಗ್ ಚಾರ್ಜ್’ ಎಂದು ಅಚ್ಚಾಗಿದೆ. ಅದನ್ನು ಬದಲಿಸಬೇಕು.

ಉತ್ತರ (ಮೈಸೂರು)

ಹೊಂದಿಕೆ ಶುಲ್ಕ.

ಉತ್ತರ (ಸಾಗರ)

ಶುಲ್ಕ ಬೇಡ. ‘ಹೊಂದಿಕೆಯ ಕೂಲಿ’. ದರ್ಜಿಗೆ ಹೊಲಿಗೆಯ ಕೂಲಿ ಕೊಡುತ್ತೇವಲ್ಲ, ಹಾಗೆಯೇ.

ಉತ್ತರ (ಧಾರವಾಡ)

ಕೂಲಿ ಸರಿಯಾದ ಪದ. ಕೈಕೆಲಸಕ್ಕೆ ಕೊಡುವುದು ಕೂಲಿಯೇ, ಅದರಲ್ಲಿ ಕೀಳು ಏನೂ ಇಲ್ಲ. ಸಾಗರದವರ ಪದವನ್ನೇ ಅಚ್ಚು ಹಾಕಿಸಿ.