ಸಹಾಯ ಬೇಕು: ಕೆಟ್ಟುಹೋದ ಕನ್ನಡ ಮೇಲ್‌ಗಳಲ್ಲಿ ‘ು’ ಯಾವುದು, ‘್’ ಯಾವುದು?

ನಮಸ್ಕಾರ. ಹಳೆಯ ಕನ್ನಡ ಮೇಲ್‌ಗಳ ಕಡತವೊಂದನ್ನು ಸರಿಮಾಡಬೇಕಿದೆ. ಬರೆದದ್ದು ಯುಟಿಎಫ್-8ರಲ್ಲಿ (ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟ್ ಎಂಬ ಸಂಖ್ಯೆಗಳಾಗಿ ಉಳಿಸುವ ಕ್ರಮ), ಮೇಲ್‌ನ ವಿವರವಿರುವ ಹೆಡರ್‌ನಲ್ಲಿ ಮಾತ್ರ ವಿಂಡೋಸ್-1252 (ಇಂಗ್ಲಿಷ್‌ನಂಥ ಪಶ್ಚಿಮದ ಭಾಷೆಗಳ ಹಳೆಯ ಕ್ರಮ) ಅಂತ ಇತ್ತು. ಅದನ್ನೇ ನಂಬಿ ಯಾವುದೋ ತಂತ್ರಾಂಶ ಪಠ್ಯವನ್ನು ಬದಲಿಸಿ ಉಳಿಸಿಬಿಟ್ಟಿದೆ. ಮೂಲ ಪ್ರತಿ ಎಲ್ಲೂ ಇಲ್ಲ.

ಈಗ ಪ್ರತಿ ಕನ್ನಡ ಅಕ್ಷರದ ಜಾಗದಲ್ಲಿ ಮೂರು ಚಿಹ್ನೆ: ನೆತ್ತಿಯ ಮೇಲೆ ಗೀಟಿರುವ ಇಂಗ್ಲಿಷ್ ಎ, ಪುಟಾಣಿ 2 ಅಥವಾ 3, ಆಮೇಲೆ ಇನ್ನೊಂದು. ಹೆಡರ್ ತಿದ್ದಿ ಪ್ರಯೋಜನವಿಲ್ಲ, ಬೈಟ್‌ಗಳೇ ಬದಲಾಗಿವೆ. ಪೈಥಾನ್ ಪ್ರೋಗ್ರಾಂ ಬರೆದು ವಿಂಡೋಸ್-1252ಕ್ಕೆ ಎನ್‌ಕೋಡ್ ಮಾಡಿ (ಮತ್ತೆ ಬೈಟ್‌ಗಳಾಗಿಸಿ), ಯುಟಿಎಫ್-8 ಎಂದು ಡಿಕೋಡ್ ಮಾಡಿದರೆ (ಅಕ್ಷರಗಳಾಗಿ ಓದಿದರೆ) ಬಹುಪಾಲು ವಾಪಸ್ ಬರುತ್ತದೆ.

ಸಿಕ್ಕಿಕೊಂಡಿರುವುದು ಇಲ್ಲಿ. ವಿಂಡೋಸ್-1252ರಲ್ಲಿ 81, 8ಡಿ, 8ಎಫ್, 90, 9ಡಿ (ಹದಿನಾರರ ಎಣಿಕೆಯಲ್ಲಿ) ಬೈಟ್‌ಗಳಿಗೆ ಚಿಹ್ನೆಯೇ ಇಲ್ಲ. ‘ು’ ಕೊನೆಯ ಬೈಟ್ 81, ‘್’ ಕೊನೆಯದು 8ಡಿ. ಮೊದಲೆರಡು ಬೈಟ್ ಎರಡಕ್ಕೂ ಒಂದೇ. ಹಾಗಾಗಿ ಎರಡೂ ಕಡೆ ಪುಟಾಣಿ 3ರ ಪಕ್ಕ ಬರೀ ಪ್ರಶ್ನಾರ್ಥಕ ಚಿಹ್ನೆ ಕೂತಿದೆ. ಒತ್ತಕ್ಷರ, ಉಕಾರ ಎರಡೂ ಹೋದರೆ ಕನ್ನಡದಲ್ಲಿ ಉಳಿಯುವುದೇನು! ಏ, ಐ, ಝ ಕೂಡ ಹೀಗೇ ಹೋಗಿವೆ, ಆದರೆ ಕಡಿಮೆ, ಕೈಯಲ್ಲೇ ತಿದ್ದಬಹುದು.

‘ಮುಖ್ಯ’ ಪದದಲ್ಲಿ ಎರಡು ಖಾಲಿ, ಅಂದರೆ ನಾಲ್ಕು ಸಾಧ್ಯತೆ. ಪದಪಟ್ಟಿ ಇಟ್ಟು ಹೋಲಿಸಿದರೆ ಇಂಥವು ಸರಿಹೋಗುತ್ತವೆ. ಆದರೆ ‘ಹಾಲು’, ‘ಹಾಲ್’ ಎರಡೂ ಪದಪಟ್ಟಿಯಲ್ಲಿವೆ. ವಿಭಕ್ತಿ ಸೇರಿದ ಉದ್ದ ಪದಗಳಂತೂ ಪಟ್ಟಿಯಲ್ಲೇ ಸಿಗುವುದಿಲ್ಲ.

ಹಿಂದುಮುಂದಿನ ಪದ ನೋಡಿ ಈ ಎರಡರಲ್ಲಿ ಒಂದನ್ನು ಆರಿಸುವ ಕನ್ನಡ ಸಲಕರಣೆ ಇದೆಯೇ? ಇಲ್ಲದಿದ್ದರೆ, ವಿಭಕ್ತಿ ರೂಪಗಳನ್ನೂ ಒಳಗೊಂಡ, ಮುಕ್ತವಾಗಿ ಸಿಗುವ ಪದಪಟ್ಟಿ ಯಾವುದು?