ಸಮುದ್ರತಳ ಎಲ್ಲರದೆಂದ ಮಾಲ್ಟಾದ ರಾಯಭಾರಿ ಅರ್ವಿದ್ ಪಾರ್ಡೊ

ಪ್ರಶ್ನೆ (ಮಂಜೇಶ್ವರದ ಓದುಗ):
ನಮ್ಮ ಕಾಸರಗೋಡು ಜಿಲ್ಲೆಯ ಆರನೆಯ ಒಂದು ಪಾಲಿನಷ್ಟೂ ಇಲ್ಲದ, 316 ಚದರ ಕಿಲೋಮೀಟರ್ ವಿಸ್ತಾರದ ಮಾಲ್ಟಾ 1964ರಲ್ಲಿ ಸ್ವತಂತ್ರವಾಯಿತು. ಮೂರೇ ವರ್ಷಗಳಲ್ಲಿ ಅದರ ರಾಯಭಾರಿ ಅರ್ವಿದ್ ಪಾರ್ಡೊ ಅವರು ವಿಶ್ವಸಂಸ್ಥೆಯಲ್ಲಿ ಇಡೀ ಜಗತ್ತಿನ ಸಮುದ್ರತಳದ ಪ್ರಶ್ನೆಯನ್ನು ಎತ್ತಿದರೆಂದು ಓದಿದೆ. ಅಷ್ಟು ಸಣ್ಣ ದೇಶದ ಮಾತಿಗೆ ಅಷ್ಟು ತೂಕ ಬಂದದ್ದು ಹೇಗೆ? ಮಗಳ ಶಾಲಾ ಪ್ರಬಂಧಕ್ಕೆ ಬೇಕಾಗಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಕುಂಬಳೆಯ ನಿವೃತ್ತ ಅಧ್ಯಾಪಕ):
ತೂಕ ಬಂದದ್ದು ಸಿದ್ಧತೆಯಿಂದ. 1967ರ ನವೆಂಬರ್ 1ರಂದು ಬೆಳಗ್ಗೆ ಆರಂಭಿಸಿದ ಭಾಷಣವನ್ನು ಅವರು ಮಧ್ಯಾಹ್ನವೂ ಮುಂದುವರಿಸಿ, ಆಳದಲ್ಲಿ ಆಲೂಗೆಡ್ಡೆಯಂತೆ ಹರಡಿಕೊಂಡಿರುವ ಮ್ಯಾಂಗನೀಸ್ ಗಂಟುಗಳಿಂದ ಹಿಡಿದು ಅಲ್ಲಿ ಅಣ್ವಸ್ತ್ರ ಇರಿಸುವ ಅಪಾಯದವರೆಗೆ ಎಲ್ಲವನ್ನೂ ಲೆಕ್ಕಸಹಿತ ಬಿಡಿಸಿಟ್ಟರು. ಯಂತ್ರಬಲವುಳ್ಳ ದೇಶಗಳು ಮೊದಲು ಹೋಗಿ ಬಾಚಿಕೊಳ್ಳುವ ಮುನ್ನ ಅದು ಮಾನವಕುಲದ ಸಾಮಾನ್ಯ ಸ್ವತ್ತೆಂದು ಘೋಷಿಸಬೇಕೆಂಬುದು ಅವರ ವಾದ. ನನ್ನ ಅಜ್ಜನ ಕಾಲದಲ್ಲಿ ನಮ್ಮ ಕಡಲ ಕರೆಯಲ್ಲಿ ರಂಪಣಿ, ಅಂದರೆ ಹಲವರು ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ, ಎಳೆದಾಗ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು ಸಿಗುತ್ತಿತ್ತು. ಪಾರ್ಡೊ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಗ್ಗ ಹಿಡಿಯುವ ಶಕ್ತಿಯೇ ಇಲ್ಲದ ಬಡ ದೇಶಗಳಿಗೂ ಪಾಲು ಕೇಳಿದರು. ಅವರ ವೃತ್ತಿಜೀವನದಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಇದನ್ನೇ.

1971ರಲ್ಲಿ ಮಾಲ್ಟಾದ ಸರಕಾರ ಬದಲಾದಾಗ ಅವರ ಹುದ್ದೆ ಹೋಯಿತು. ಮುಂದೆ ಅಮೆರಿಕದಲ್ಲಿ ಪಾಠ ಹೇಳಿದರು. ಆದರೆ 1982ರ ಸಮುದ್ರ ಕಾನೂನು ಒಪ್ಪಂದದ 136ನೆಯ ವಿಧಿಯಲ್ಲಿ ಅವರ ಮಾತು ಉಳಿದಿದೆ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರ ಅದರಿಂದಲೇ ಹುಟ್ಟಿತು.

ಉತ್ತರ (ಉಪ್ಪಳದ ಮೀನುಗಾರ ಕುಟುಂಬದವನು):
ಮಾಸ್ತರರು ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ಅದೇ ಒಪ್ಪಂದ ಪ್ರತಿ ಕರಾವಳಿ ದೇಶಕ್ಕೂ 200 ನಾಟಿಕಲ್ ಮೈಲಿನ, ಅಂದರೆ ಸುಮಾರು 370 ಕಿಲೋಮೀಟರಿನ ಆರ್ಥಿಕ ವಲಯವನ್ನು ಕೊಟ್ಟಿತು; ಅದರೊಳಗಿನ ಮೀನು, ಖನಿಜಗಳ ಹಕ್ಕು ಆ ದೇಶದ್ದೇ. ಭಾರತವಂತೂ 1976ರಲ್ಲೇ ಅಂಥ ಕಾನೂನು ಮಾಡಿಕೊಂಡಿತ್ತು. ಎಲ್ಲರ ಸ್ವತ್ತು ಇಷ್ಟು ಕುಗ್ಗಿದ್ದು ಪಾರ್ಡೊ ಅವರಿಗೆ ನೋವು ತಂದಿತ್ತು. ಆದರೂ ಹೊರದೇಶದ ದೊಡ್ಡ ಹಡಗುಗಳು ನಮ್ಮ ಬಂಗುಡೆ, ಬೂತಾಯಿಯನ್ನು ದೋಚದಂತೆ ತಡೆಯಲು ನಮಗಿರುವ ಕಾನೂನಿನ ಬಲ ಆ ವಲಯವೇ ಆದ್ದರಿಂದ, ಅದನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ರಂಪಣಿಯ ಪಾಲನ್ನೂ 200 ಮೈಲಿನ ವಲಯವನ್ನೂ ಎದುರುಬದುರು ಇರಿಸಿ ಬರೆಯುವಂತೆ ಮಗಳಿಗೆ ಹೇಳುತ್ತೇನೆ.